ಕಲ್ಯಾಣದಾಕಿ ಕಲ್ಯಾಣಕ್ಕೆ ಹೋದದ್ದು

ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಯಾರಾದರೂ ಬಸವಕಲ್ಯಾಣ ಎಂದು ಪೂರ್ತಿ ಹೆಸರು ಹೇಳಿ ಬಸ್ಸು ಕೇಳಿದರೆ, ಅವರು ಪರವೂರಿನವರೆಂದು ತಿಳಿಯಬೇಕು. ಊರಿನವರಿಗೆ ಅದು ಬರೀ ಕಲ್ಯಾಣ. ಕಂಡಕ್ಟರ್ ಕೂಗುವುದೂ ಅಷ್ಟೇ. ಅರ್ಧ ಹೆಸರಿನಲ್ಲಿ ಕೆಲಸ ಆಗುವಾಗ ಪೂರ್ತಿ ಹೆಸರು ಖರ್ಚು ಮಾಡುವ ಚಟ ಈ ಕಡೆಯವರಿಗಿಲ್ಲ.

ಇಪ್ಪತ್ತೈದು ವರ್ಷದ ಹಿಂದೆ ಅಲ್ಲಿಂದ ಮದುವೆಯಾಗಿ ಬಂದ ವಿಜಯಶ್ರೀಗೂ ಅದೇ ಲೆಕ್ಕದಲ್ಲಿ 'ಕಲ್ಯಾಣದಾಕಿ' ಎಂಬ ಹೆಸರು ಬಿತ್ತು. ಪಲ್ಯಕ್ಕೆ ಖಾರ ಹೆಚ್ಚಾದರೆ ಅದು ಕಲ್ಯಾಣದ ಕೈ, ಮಾತಿಗೆ ತಿರುಗಿ ಮಾತಾಡಿದರೆ ಅದು ಕಲ್ಯಾಣದ ಬಾಯಿ. ಪಲ್ಯ ರುಚಿಯಾದ ದಿನ ಮಾತ್ರ ಯಾವ ಊರಿನ ಹೆಸರೂ ಬರುತ್ತಿರಲಿಲ್ಲ.

ಆ ಮನೆಯ ಯಜಮಾನ ಅವಳ ಗಂಡನ ಅಣ್ಣ ಮಹಾರುದ್ರಪ್ಪ. ಜೋಳ, ತೊಗರಿಯ ಅಡತ್, ಅಂದರೆ ದಲಾಲಿ ವ್ಯಾಪಾರ. ಜೋಳದ ಕಾಳನ್ನು ಹಲ್ಲಿನಲ್ಲಿ ಕಚ್ಚಿ ಹಸಿಯೋ ಒಣಗಿದ್ದೋ ಹೇಳುವುದು ಎಲ್ಲ ವ್ಯಾಪಾರಿಗಳಿಗೂ ಬರುತ್ತದೆ. ಮಹಾರುದ್ರಪ್ಪನ ಗುಣ ಬೇರೆ. ಅವನು ರೈತನ ಮಾತನ್ನೂ ಹಾಗೆಯೇ ಕಚ್ಚಿ ನೋಡುತ್ತಿದ್ದ. ಚೀಲಕ್ಕೆ 'ಬಸ್ತಾ' ಅಂದವನು ಜಹೀರಾಬಾದಿಗೆ ಹೋಗಿ ಮಾಲು ತೋರಿಸಿ ಬಂದವನು, 'ಪೋತೆ' ಅಂದವನು ಲಾತೂರಿಗೆ. 'ಚೀಲ' ಅಂದವನು ಮನೆಯಿಂದ ಸೀದಾ ಬಂದವನು. ಅವನ ಜೊತೆ ನಿಧಾನವಾಗಿ ಮಾತಾಡಬಹುದು. ಇದನ್ನೆಲ್ಲ ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೇಳಿಸಿಕೊಂಡದ್ದನ್ನು ಹೇಳಿಬಿಡುವವನು ವ್ಯಾಪಾರ ಹೇಗೆ ಮಾಡಿಯಾನು.

ವಿಜಯಶ್ರೀಯ ಗಂಡ ಗುರುನಾಥ ಮೆತ್ತನೆಯ ಮನುಷ್ಯ. ಚೀಲ ಸಾಗಿಸಲು ಛೋಟಾ ಹಾಥಿ ಅನ್ನುವ ಒಂದು ಸಣ್ಣ ಮಾಲುಗಾಡಿ ಇಟ್ಟುಕೊಂಡಿದ್ದ, ಅದನ್ನೂ ಹೆಂಡತಿಯ ಹೆಸರಿನಲ್ಲೇ ತಂದಿದ್ದ. ಆರು ವರ್ಷದ ಹಿಂದೆ ಎದೆನೋವು ಅಂದ, ಎರಡು ದಿನದಲ್ಲಿ ಹೋಗಿಬಿಟ್ಟ. ಗಾಡಿ ಬೇವಿನ ಮರದ ಕೆಳಗೆ ನಿಂತಿತು. ಮಾರೋಣ ಎಂದು ಮನೆಯವರೆಲ್ಲ ಹೇಳಿದರು. ಗಿರಾಕಿ ಬಂದಾಗಲೆಲ್ಲ ವಿಜಯಶ್ರೀ, "ಕೀಲಿಕೈ ಸಿಗವಲ್ದರಿ" ಅನ್ನುತ್ತಿದ್ದಳು. ಕೀಲಿಕೈ ಅವಳ ಸೆರಗಿನ ಗಂಟಿನಲ್ಲೇ ಇತ್ತು.

ವರ್ಷ ಕಳೆದ ಮೇಲೆ ನಿರ್ಣಾದ ಡ್ರೈವರ್ ನರಸಿಂಗನನ್ನು ಹಿಡಿದು ಓಡಿಸುವುದು ಕಲಿತಳು. ಕಲಿತದ್ದು ಹಳ್ಳಿಖೇಡದ ರಸ್ತೆಯಲ್ಲಿ, ಅದೂ ಕಬ್ಬಿನ ಹಂಗಾಮಿನಲ್ಲಿ. ಒಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರಾಲಿ, ಅರ್ಧ ರಸ್ತೆಯವರೆಗೆ ಚಾಚಿದ ಕಬ್ಬು, ಹಿಂದೆ ದೀಪವಿಲ್ಲ, ಮುಂದಿನವನಿಗೆ ಹಾರ್ನ್ ಕೇಳುವುದಿಲ್ಲ. ಅವನ ಹಾಡು ಮಾತ್ರ ಎಲ್ಲರಿಗೂ ಕೇಳುತ್ತದೆ.

"ಅಕ್ಕಾರ, ಬ್ರೇಕ್ ಮ್ಯಾಲ ಕುಂಡ್ರಬ್ಯಾಡ್ರಿ," ಎಂದು ನರಸಿಂಗ ಪಕ್ಕದಲ್ಲಿ ಬಾಗಿಲು ಗಟ್ಟಿಯಾಗಿ ಹಿಡಿದುಕೊಂಡು ಹೇಳುತ್ತಿದ್ದ. "ಅದೇನು ಕುಂಡ್ರೋ ಮಣಿ ಅಲ್ಲ."

ಎರಡು ಹಂಗಾಮು ಆ ರಸ್ತೆಯಲ್ಲಿ ಓಡಿಸಿದವರನ್ನು ಬೇರೆ ಯಾವ ರಸ್ತೆಯೂ ಹೆದರಿಸಲಾರದು.

ಅಷ್ಟರಲ್ಲಿ ಅವಳ ರೊಟ್ಟಿಯ ಕೆಲಸವೂ ಹತ್ತಿತ್ತು. ಖಡಕ್ ರೊಟ್ಟಿ ತಟ್ಟಿ, ಬಟ್ಟೆಯಲ್ಲಿ ಕಟ್ಟಿ, ಬಸ್ಸಿನ ಮೇಲೆ ಹಾಕಿ ಗೆಳತಿ ಸುಮೇರಾಗೆ ಕಳಿಸುವಳು. ಸುಮೇರಾ ಹುಮನಾಬಾದಿನ ಹುಡುಗಿ. ಗಂಡ ಯುನೂಸ್ ಮುಂಬೈ ಪಕ್ಕದ ಕಲ್ಯಾಣದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ. ಆ ಕಲ್ಯಾಣದ ತುಂಬ ನಮ್ಮ ಬೀದರ ಕಡೆಯ ಜನ. ರೊಟ್ಟಿ ಬರುವುದೇ ತಡ, ಮುಗಿಯುತ್ತಿತ್ತು. ಆದರೆ ಮುಟ್ಟುವಷ್ಟರಲ್ಲಿ ಅರ್ಧ ಮುರಿದಿರುತ್ತಿದ್ದವು. ಚೂರಾದ ರೊಟ್ಟಿಗೆ ಇಡೀ ರೊಟ್ಟಿಯ ಮರ್ಯಾದೆ ಎಲ್ಲಿಂದ ಬರಬೇಕು.

ಸಂಕ್ರಾಂತಿ ಮುಗಿದ ವಾರ ಸುಮೇರಾ ಫೋನ್ ಮಾಡಿದಳು.

"ವಿಜಿ, ನಮ್ಮ ದುಕಾನ ಬಾಜೂಕ ಒಂದು ಗಾಳಾ ಖಾಲಿ ಆಗ್ಯಾದ. ಐತವಾರ ತನಕ ತಡೀತೀನಿ ಅಂದಾನ ಮಾಲೀಕ. ಸೋಮವಾರ ಆದ್ರ ಸೇವು, ಫರ್ಸಾಣ ಮಾರಾವಗ ಕೊಟ್ಟುಬಿಡ್ತಾನ. ಎಷ್ಟು ವರ್ಷ ರೊಟ್ಟಿ ಕಳಸ್ತಿ? ಈ ಸಲ ನೀನ ಬಾ."

ಗಾಳಾ ಅಂದರೆ ಮೂರು ಗೋಡೆ, ಒಂದು ಶಟರ್. ವಿಜಯಶ್ರೀ ಆ ರಾತ್ರಿಯೊಳಗೆ ಅದರಲ್ಲಿ ಒಲೆ ಎಲ್ಲಿ, ಹಿಟ್ಟಿನ ಡಬ್ಬಿ ಎಲ್ಲಿ ಎಂದೆಲ್ಲ ಮನಸ್ಸಿನಲ್ಲೇ ಜೋಡಿಸಿಟ್ಟಿದ್ದಳು.

ಅಡ್ಡ ಬಂದದ್ದು ಮನೆಯ ಒಂದು ಹಳೇ ಮಾತು. ಏಳು ವರ್ಷದ ಹಿಂದೆ ಮಹಾರುದ್ರಪ್ಪನ ಮಗ ಶರಣಕುಮಾರ ಮುಂಬೈಗೆ ಹೋಗಿ ಮೊಬೈಲ್ ಅಂಗಡಿ ಇಡುತ್ತೇನೆ ಎಂದಾಗ, ಅಪ್ಪ ಎಂಟು ಜನರ ಮುಂದೆ, "ಈ ಮನಿಯಾವ್ರು ಮುಂಬೈಗೆ ದುಡಿಯಾಕ ಹೋಗಂಗಿಲ್ಲ" ಅಂದುಬಿಟ್ಟಿದ್ದ. ಮಗ ಅಡತ್‌ನಲ್ಲೇ ಕುಳಿತ. ಅಂದಿನಿಂದ ತಕ್ಕಡಿಯ ಮುಂದೆ ಅವನ ಮುಖ ಮುಗ್ಗಿದ ತೊಗರಿಯ ಹಾಗೆ. ಮಗನಿಗೆ ಬೇಡ ಅಂದವನು ತಮ್ಮನ ಹೆಂಡತಿಗೆ ಹೂಂ ಅಂದಾನೆಯೇ?

ಕೇಳದೆಯೂ ಹೋಗಬಹುದಿತ್ತು. ಗಾಡಿ ಅವಳದು, ವಯಸ್ಸು ನಲವತ್ತಾರು, ಮಗಳು ಸ್ನೇಹಲ್ ಮದುವೆಯಾಗಿ ಸೋಲಾಪುರದಲ್ಲಿದ್ದಳು. ಆದರೆ ಆ ಮನೆಯಿಂದ ಹೊರಟವರು ಹಿರಿಯನ ಕೈಯಿಂದ ವಿಭೂತಿ ಹಚ್ಚಿಸಿಕೊಂಡು ಹೊರಡುತ್ತಿದ್ದರು. ಹಚ್ಚಿಸಿಕೊಳ್ಳದೆ ಹೋದವರು ಹಬ್ಬಕ್ಕೂ ತಿರುಗಿ ಬಂದದ್ದಿಲ್ಲ. ವಿಜಯಶ್ರೀಗೆ ಆ ಶಟರೂ ಬೇಕಿತ್ತು, ಈ ಬಾಗಿಲೂ ಬೇಕಿತ್ತು.

ಮರುದಿನ ಊಟದ ಡಬ್ಬಿ ಹಿಡಿದು ತಾನೇ ಅಡತ್‌ಗೆ ಹೋದಳು. ಮಹಾರುದ್ರಪ್ಪ ಜೋಳ ಕಚ್ಚುತ್ತ ಕುಳಿತಿದ್ದ. ಶರಣಕುಮಾರ ತೂಕ ಮಾಡುತ್ತಿದ್ದ, ಪೇಟೆಯ ಇಬ್ಬರು ಚಹಾ ಕುಡಿಯುತ್ತಿದ್ದರು.

"ಬಾವಾರ, ಒಂದು ಮಾತಿತ್ರಿ."

"ಹೇಳು."

"ಕಲ್ಯಾಣದಾಗ ಒಂದು ಗಾಳಾ ಸಿಕ್ಕದ್ರಿ. ರೊಟ್ಟಿ ಅಂಗಡಿ ಹಾಕಬೇಕಂತ ಮಾಡೇನಿ. ಅಲ್ಲೇ ಇರಾಕ ಹೋಗ್ತೀನ್ರಿ."

ಮಹಾರುದ್ರಪ್ಪನ ದವಡೆ ನಿಂತಿತು. ಕನ್ನಡಕದ ಮೇಲಿನಿಂದ ಅವಳನ್ನು ನೋಡಿದ, ಚಹಾ ಕುಡಿಯುವವರನ್ನೂ ಒಮ್ಮೆ ನೋಡಿದ.

"ಕಲ್ಯಾಣದಾಗೇನು?"

"ಹೌದ್ರಿ."

"ಛಲೋ ಆತು. ತವರೂರು. ನಿಮ್ಮಣ್ಣ ಉತ್ತಮ ಅಲ್ಲೇ ಅದಾನ, ಅವನ ಕಣ್ಣ ಮುಂದ ಇರ್ತಿ. ಹೋಗಿ ಬಾ."

ಅವಳ ಬಾಯಲ್ಲಿ ಮುಂದಿನ ಮಾತು ತಯಾರಿತ್ತು: ಇದು ಆ ಕಲ್ಯಾಣ ಅಲ್ರಿ, ಮುಂಬೈ ಕಡಿದು. ತಟ್ಟಲು ಹಿಡಿದ ಹಿಟ್ಟಿನ ಉಂಡೆ ಅಂಗೈಯಲ್ಲೇ ಉಳಿದ ಹಾಗೆ ಆ ಮಾತು ಉಳಿಯಿತು. ಚಹಾ ಕುಡಿಯುವವರು, "ಶಾಣ್ಯಾ ಕೆಲಸ ಮಾಡಿದ್ರಿ ನೋಡ್ರಿ ಅಕ್ಕಾರ," ಎಂದರು. ಅವಳು ಡಬ್ಬಿ ಇಟ್ಟು ಹೊರಬಂದಳು. ಸುಳ್ಳಂತೂ ಹೇಳಿರಲಿಲ್ಲ. ಆದರೆ ಮೂರು ದಿನ ಊಟ ಸೇರಲಿಲ್ಲ.

ಶನಿವಾರ ಬೆಳಿಗ್ಗೆ ಗಾಡಿ ತುಂಬಿತು. ಹಂಚು, ಒಲೆ, ಹಿಟ್ಟು ನಾದುವ ಕಟ್ಟಿಗೆಯ ಕೊಣಮಿಗೆ, ಆರು ಚೀಲ ಬಿಳಿಜೋಳ. ಶರಣಕುಮಾರ ಎಲ್ಲದರ ಮೇಲೆ ಇನ್ನೊಂದು ಸ್ಟೆಪ್ನಿ ಚಕ್ರ ಇಟ್ಟು ಹಗ್ಗ ಹಾಕಿ ಬಿಗಿಯುತ್ತಿದ್ದ.

"ನಲವತ್ತು ಕಿಲೋಮೀಟರ್ ಹೋಗಾಕ ಎರಡು ಸ್ಟೆಪ್ನಿ ಯಾಕೋ?" ಎಂದಳು ಅವನ ತಾಯಿ ಕಸ್ತೂರಿಬಾಯಿ.

"ಅಪ್ಪ ಹೇಳ್ಯಾನ."

"ರಾಜೇಶ್ವರ ಕಡಿ ರಸ್ತಾ ಕೆಟ್ಟದ," ಎಂದ ಮಹಾರುದ್ರಪ್ಪ. ರಾಜೇಶ್ವರದ ಕಡೆ ರಸ್ತೆ ಕನ್ನಡಿಯ ಹಾಗಿತ್ತು. ಬೇಮಳಖೇಡದ ಕುರಿಗಾರರು ಕೊಟ್ಟಿದ್ದ ಕರಿ ಕಂಬಳಿಯನ್ನೂ ಅವನೇ ತಂದು ಸೀಟಿನ ಹಿಂದೆ ತುರುಕಿದ.

ಕಸ್ತೂರಿಬಾಯಿ ಒಂದು ಗಂಟು ಕೊಟ್ಟಳು. "ಶೇಂಗಾ ಹೋಳಿಗಿ. ಉತ್ತಮಗ ಕೊಡು, ನಾ ಕೇಳೀನಿ ಅಂತ ಹೇಳು. ಹಿಂದ ಒಗಿಬ್ಯಾಡ, ಮುರೀತಾವ."

ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು, ತೆಂಗಿನಕಾಯಿ ಒಡೆದರು. ಮಹಾರುದ್ರಪ್ಪ ಮೂರು ಬೆರಳಿನಿಂದ ಅವಳ ಹಣೆಗೆ ವಿಭೂತಿ ಎಳೆದ. ಅವಳು ತಲೆ ಎತ್ತಲಿಲ್ಲ. ನಿಂಬೆಹಣ್ಣು ಪಚಕ್ಕೆಂದಿತು, ಗಾಡಿ ಹೊರಟಿತು.

ಹೋಳಿಗೆಯ ಗಂಟು ಪಕ್ಕದ ಸೀಟಿನಲ್ಲಿ ಕೋರ್ಟಿನ ಸಾಕ್ಷಿಯ ಹಾಗೆ ಕುಳಿತಿತ್ತು. ದಾರಿಯುದ್ದಕ್ಕೂ ವಿಜಯಶ್ರೀ ಅದರ ಕಡೆ ನೋಡದೆ ಓಡಿಸಿದಳು. ಸಸ್ತಾಪುರ ಬಂಗ್ಲಾ ಬಂತು. ಲಾರಿಗಳ ಊರು ಅದು. ಬಾಡಿ ಕಟ್ಟುವ ಸದ್ದು, ಟೈರಿನ ಅಂಗಡಿ, ಬಣ್ಣದ ವಾಸನೆ. ಅಲ್ಲಿ ಬಲಕ್ಕೆ ತಿರುಗಿದರೆ ತವರಿನ ಕಲ್ಯಾಣ, ಸೀದಾ ಹೋದರೆ ಸೋಲಾಪುರ, ಪುಣೆ, ಆ ಕಲ್ಯಾಣ. ಬಲಗಡೆಯ ಇಂಡಿಕೇಟರ್ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು.

ಹಿಂದಿನ ಲಾರಿಯವನು ತಲೆ ಹೊರಹಾಕಿದ. "ಅಕ್ಕಾರ, ಯಾವದರ ಒಂದು ಊರಿಗೆ ಹೋಗ್ರಿ. ಇಲ್ಲಾಂದ್ರ ನಮ್ಮನ್ನರ ಹೋಗಾಕ ಬಿಡ್ರಿ."

ಗಾಡಿ ಬದಿಗೆ ಹಚ್ಚಿದಳು. ಹಣೆಯ ಮೇಲಿನ ವಿಭೂತಿ ಒಣಗಿ ಚರ್ಮ ಬಿಗಿದಿತ್ತು. ಕದ್ದು ತಂದ ಮಾಲು ಹೊತ್ತ ಹಾಗೆ ಆಗಿ, ಇದನ್ನು ಹೊತ್ತು ಐನೂರು ಕಿಲೋಮೀಟರ್ ಹೋಗಲು ತನ್ನಿಂದಾಗದು ಅನ್ನಿಸಿತು. ಫೋನ್ ಹಚ್ಚಿದಳು.

"ಬಾವಾರ, ಸಸ್ತಾಪುರ ಬಂಗ್ಲಾದಾಗ ನಿಂತೇನ್ರಿ."

"ಯಾಕ, ಪಂಚರ್ ಆತೇನು?"

"ಇಲ್ರಿ. ತಪ್ಪಾಗ್ಯಾದ. ನಾ ಹೇಳಿದ್ದು ಈ ಕಲ್ಯಾಣ ಅಲ್ರಿ, ಮುಂಬೈ ಬಾಜೂಕಿನ ಕಲ್ಯಾಣ. ನೀವು ತವರೂರು ಅಂದ್ರಿ, ನಾ ಸುಮ್ಮನಾದೆ. ಈಗರ ಬ್ಯಾಡ ಅಂದ್ರ ಗಾಡಿ ಹೊಳ್ಳಸ್ತೀನ್ರಿ."

ಆ ಕಡೆಯಿಂದ ಜೋಳ ಕಚ್ಚುವ ಸದ್ದು ಬಂತು. ಅದು ಮುಗಿಯಲು ಬೇಕಾದಷ್ಟು ಹೊತ್ತು ತೆಗೆದುಕೊಂಡಿತು.

"ನೀ ಗಾಳಾ ಅಂದಿ," ಎಂದ ಮಹಾರುದ್ರಪ್ಪ.

"ಏನ್ರಿ?"

"ಅವತ್ತು ಅಡತ್‌ನ್ಯಾಗ. ಕಲ್ಯಾಣದಾಗ ಗಾಳಾ ಸಿಕ್ಕದ ಅಂದಿ. ಇಪ್ಪತ್ತೈದು ವರ್ಷ ದುಕಾನ ಅನ್ನಾಕಿ ಒಮ್ಮಿಂದೊಮ್ಮೆ ಗಾಳಾ ಅಂದ್ರ, ಯಾವ ಊರ ಮಂದಿ ಜೋಡಿ ಮಾತಾಡಿ ಬಂದಾಳ ಅಂತ ತಿಳಿಯಂಗಿಲ್ಲೇನು? ನಮ್ಮ ಕಲ್ಯಾಣದಾಗ ಗಾಳಾ ಕೇಳಿದ್ರ ಮೀನ ಹಿಡಿಯೋದು ಕೊಡ್ತಾರ."

"ಮತ್ತ ಅವತ್ತ ಯಾಕ ಹೇಳಲಿಲ್ರಿ?"

"ನೀ ಕಲ್ಯಾಣ ಅಂದಿ, ನಾ ಕಲ್ಯಾಣಕ್ಕ ಹೂಂ ಅಂದೆ. ಮುಂಬೈ ಅಂತ ನೀನೂ ಅಂದಿಲ್ಲ, ನಾನೂ ಕೇಳಿಲ್ಲ. ಎಂಟು ಮಂದಿಯಾಗ ಆಡಿದ ಮಾತೊಂದು ನಂದು ಮನಿಯಾಗ ಮಲಗ್ಯಾದ. ಅದರ ಬಾಜೂಕಿಂದ ಸದ್ದಿಲ್ಲದ ದಾಟಿ ಹೋಗು ಅಂದ್ರ, ನಡು ರಸ್ತಾದಾಗ ನಿಂತು ಅದನ್ನ ಎಬ್ಬಸಾಕತ್ತಿ."

"ಹಂಗಾರ ಹೋಗ್ಲೇನ್ರಿ?"

"ವಿಭೂತಿ ಹಚ್ಚಿದ್ದು ಮತ್ತ ಯಾತಕ್ಕ?"

ಅವಳು ಪಕ್ಕದ ಸೀಟಿನ ಗಂಟಿನ ಕಡೆ ಈಗ ತಿರುಗಿ ನೋಡಿದಳು.

"ಉತ್ತಮನ ಹೋಳಿಗಿ?" ಎಂದಳು.

"ನೀನ ತಿನ್ನು. ಉತ್ತಮಗ ನಾ ನಿನ್ನೇನ ಫೋನ್ ಮಾಡಿ ಎಲ್ಲಾ ಹೇಳೀನಿ. ಇನ್ನ ಇಲ್ಲಿ ಕೇಳು. ಪುಣೆ ದಾಟಿದ ಮ್ಯಾಲ ಘಾಟ ಬರ್ತದ. ಇಳಿಯಾಗ ಬ್ರೇಕ್ ಮ್ಯಾಲ ಕುಂಡ್ರಬ್ಯಾಡ, ಸೆಕೆಂಡ್ ಗೇರಿನ್ಯಾಗ ಇಳಿಸು. ಥಂಡಿ ಇರ್ತದ ಅಲ್ಲಿ. ಕಂಬಳಿ ಸೀಟಿನ ಹಿಂದದ."

ವಿಜಯಶ್ರೀ ಕನ್ನಡಿಯಲ್ಲಿ ಹಿಂದೆ ನೋಡಿದಳು. ಜೋಳದ ಚೀಲದ ಮೇಲೆ ಎರಡನೇ ಸ್ಟೆಪ್ನಿ ಗಟ್ಟಿಯಾಗಿ ಕುಳಿತಿತ್ತು. ಇಂಡಿಕೇಟರ್ ಆರಿಸಿ ಸೀದಾ ಹೊರಟಳು.

ಆ ದಿನ ಸೋಲಾಪುರದಲ್ಲಿ ಮಗಳ ಮನೆಯಲ್ಲಿ ಉಳಿದಳು. ಭಾನುವಾರ ಬೆಳಕು ಹರಿಯುವ ಮುಂಚೆ ಹೊರಟವಳಿಗೆ ಇಂದಾಪುರದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ಮುಂದೆ ಕಂಡವು. ಬೀಗರು ಸಿಕ್ಕ ಹಾಗಾಯಿತು. ಒಂದೊಂದಾಗಿ ಹಿಂದೆ ಹಾಕಿದಳು. ಘಾಟಿನಲ್ಲಿ ಮಾತ್ರ ಸ್ಟಿಯರಿಂಗ್ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು. ಒಂದು ಕಡೆ ಗೋಡೆಯಂಥ ಕಲ್ಲು, ಇನ್ನೊಂದು ಕಡೆ ಏನೂ ಇಲ್ಲ, ಮುಂದೆ ಹಿಂದೆ ಗುರುಗುಟ್ಟುವ ಕಂಟೇನರುಗಳು. ಸೆಕೆಂಡ್ ಗೇರಿನಲ್ಲಿ, ಬ್ರೇಕಿನಿಂದ ಕಾಲು ತೆಗೆದು, ಎಲ್ಲರಿಂದ ಬೈಸಿಕೊಳ್ಳುತ್ತ ಇಳಿದಳು. ಕೆಳಗೆ ಗಾಡಿ ನಿಲ್ಲಿಸಿ, ಕಂಬಳಿ ಹೊದ್ದು, ಉತ್ತಮನ ಪಾಲಿನ ಎರಡು ಹೋಳಿಗೆ ತಿಂದಳು. ಒಂದೂ ಮುರಿದಿರಲಿಲ್ಲ.

ಕಲ್ಯಾಣ ಮುಟ್ಟಿದಾಗ ಮಧ್ಯಾಹ್ನ ನಾಲ್ಕು ಗಂಟೆ. ಫರ್ಸಾಣದವನು ಆಗಲೇ ಟೇಪು ಹಿಡಿದು ಗಾಳಾದ ಬಾಗಿಲು ಅಳೆಯುತ್ತಿದ್ದ. ಟೇಪಿನ ಇನ್ನೊಂದು ತುದಿಯ ಮೇಲೆ ಸುಮೇರಾ ಎರಡೂ ಕಾಲಿಟ್ಟು ನಿಂತಿದ್ದಳು. ಯುನೂಸ್ ಹೋಗಿ ಮಾಲೀಕನನ್ನು ಕರೆತಂದ. ಸಂಜೆಯೊಳಗೆ ಶಟರಿನ ಕೀಲಿಕೈ ವಿಜಯಶ್ರೀಯ ಸೆರಗಿನ ಗಂಟಿಗೆ ಬಂತು.

ಈಗ ಅವಳನ್ನು ಅಲ್ಲಿ ಯಾರೂ ಕಲ್ಯಾಣದಾಕಿ ಅನ್ನುವುದಿಲ್ಲ. ಹುಮನಾಬಾದವಾಲಿ ಅನ್ನುತ್ತಾರೆ. ರೊಟ್ಟಿ ರುಚಿಯಾದ ದಿನವೂ ಅನ್ನುತ್ತಾರೆ, ಅದೊಂದು ಫರಕು.

ಕಸ್ತೂರಿಬಾಯಿಗೆ ವಿಷಯ ಗೊತ್ತಾದದ್ದು ಎರಡು ತಿಂಗಳ ಮೇಲೆ, ಬಸವಕಲ್ಯಾಣದ ಒಂದು ಮದುವೆಯಲ್ಲಿ ಉತ್ತಮ ಸಿಕ್ಕಾಗ. ಮಂಟಪದಿಂದಲೇ ಫೋನ್ ಮಾಡಿದಳು.

"ಮುಂಬೈಗರ ಹೋಗು, ಎಲ್ಲಿಗರ ಹೋಗು. ಹೋಳಿಗಿ ಉತ್ತಮಗ ಯಾಕ ಮುಟ್ಟಿಲ್ಲ, ಅದನ್ನ ಹೇಳು."

"ಘಾಟ ಇಳಿದು ನಾನ ತಿಂದೆನ್ರಿ ಅಕ್ಕಾರ."

"ಒಣಗಿದ್ವೇನು?"

"ಇಲ್ರಿ, ಮೆತ್ತಗಿದ್ವು."

"ಹಂಗಾರ ಆತು ಬಿಡು."

ದೀಪಾವಳಿಗೆ ವಿಜಯಶ್ರೀ ಅದೇ ಗಾಡಿಯಲ್ಲಿ ಹುಮನಾಬಾದಿಗೆ ಬಂದಳು. ಬಾಗಿಲು ತೆರೆದೇ ಇತ್ತು. ಊಟದ ಡಬ್ಬಿ ಹಿಡಿದು ಅಡತ್‌ಗೆ ಹೋದಾಗ ಮಹಾರುದ್ರಪ್ಪ ಜೋಳ ಕಚ್ಚುತ್ತ ಕುಳಿತಿದ್ದ. ಅವಳನ್ನು ಕಂಡದ್ದೇ ಶರಣಕುಮಾರ ತಕ್ಕಡಿ ಬಿಟ್ಟು ಅಪ್ಪನ ಮುಂದೆ ಬಂದು ನಿಂತ. ಬಹಳ ದಿನ ಮನಸ್ಸಿನಲ್ಲೇ ಉರುಹೊಡೆದ ಮಾತು ಎಂದು ನೋಡಿದರೇ ತಿಳಿಯುತ್ತಿತ್ತು.

"ಅಪ್ಪಾ, ಕಲ್ಯಾಣಕ್ಕ ಹೋಗಬೇಕಂತೇನಿ. ಕಾಕು ಅಂಗಡಿ ಬಾಜೂಕ ಒಂದು ಇದು ಖಾಲಿ ಆಗ್ಯಾದಂತ."

"ಏನು ಖಾಲಿ ಆಗ್ಯಾದ?"

ಶರಣಕುಮಾರ ಚಿಕ್ಕಮ್ಮನ ಮುಖ ನೋಡಿದ. "ದುಕಾನ," ಎಂದ.

ಮಹಾರುದ್ರಪ್ಪ ಕಾಳಿನ ಸಿಪ್ಪೆ ಉಗುಳಿದ. "ಗಾಳಾ ಅನ್ನು," ಎಂದ. "ಹೋಗೋ ಊರಿನ ಮಾತು ಈಗಿಂದ ರೂಢಿ ಆಗ್ಲಿ."