ವಾಸಿಯಾಗಬಾರದ ಮಂಡಿನೋವು

ವೈದ್ಯರ ಕೋಣೆಯಿಂದ ಸರಸರನೆ ನಡೆದು ಬಂದು ನನ್ನ ಪಕ್ಕ ಕುಳಿತ ಆ ಹಿರಿಯ ಹೆಂಗಸನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ಬಸವನಗುಡಿಯ ಆ ಮಂಡಿನೋವಿನ ಕ್ಲಿನಿಕ್ಕಿಗೆ ನಾವೆಲ್ಲ ಗೋಡೆ ಹಿಡಿದುಕೊಂಡು ಬಂದವರು.

"ಆಪರೇಷನ್ ಮಾಡಿಸ್ಕೊಂಡ್ರಾ?" ಎಂದೆ.

"ಇಲ್ಲಮ್ಮ, ಕೊಯ್ಯೋದೇ ಇಲ್ಲ. ಸೂಜಿ ಚುಚ್ಚಿ ನೋವಿನ ನರಕ್ಕೆ ಶಾಖ ಕೊಟ್ರು, ಅವತ್ತೇ ಮನೆಗೆ ಕಳಿಸಿದ್ರು. ಈಗ ನಮ್ಮನೆಯವ್ರು ಮಧ್ಯಾಹ್ನ ಮಲಗಿದಾಗ ಗಾಂಧಿ ಬಜಾರೆಲ್ಲ ಸುತ್ತಿ ಬರ್ತೀನಿ."

ಅಷ್ಟರಲ್ಲಿ ಆಟೊ ಕರೆತರಲು ಹೋಗಿದ್ದ ಅವರ ಯಜಮಾನರು ಬಾಗಿಲಲ್ಲಿ ಕಾಣಿಸಿದರು. ಆಕೆ ತಟ್ಟನೆ ಮಂಡಿ ಹಿಡಿದುಕೊಂಡು, "ಅಮ್ಮಾ" ಎಂದು ನರಳುತ್ತ ಎದ್ದರು. ಗಾಬರಿಯಿಂದ ತೋಳು ಹಿಡಿದ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಮದುವೆಯಾದಾಗಿಂದ ಒಂದು ಲೋಟ ನೀರೂ ತಾವಾಗಿ ತಗೊಂಡು ಕುಡಿದೋರಲ್ಲ. ಈಗ ನನ್ನ ಮಂಚಕ್ಕೇ ಕಾಫಿ ತಂದ್ಕೊಡ್ತಾರೆ. ವಾಸಿಯಾಯ್ತು ಅಂತ ಹೇಳಿ ಯಾಕೆ ಕೆಡಿಸ್ಕೊಳ್ಳಲಿ?"

ಆಮೇಲೆ ನನಗೂ ಅದೇ ಚಿಕಿತ್ಸೆಯಾಗಿ ಈಗ ನೋವು ಬಹಳಷ್ಟು ಇಳಿದಿದೆ. ನಿನ್ನೆ ನಮ್ಮವರು ಅಡುಗೆಮನೆಯಿಂದ, "ನೀನು ಏಳ್ಬೇಡ, ಅನ್ನ ನಾನೇ ಇಡ್ತೀನಿ. ನೋವು ಹೇಗಿದೆ?" ಎಂದು ಕೂಗಿದರು. "ಪೂರ್ತಿ ಹೋಗಿಲ್ಲ ರೀ," ಎಂದು ನಾನು ಕಾಲು ಚಾಚಿ ಕುಳಿತೆ.