ಅತ್ತೆಯ ಸೆರಗಿನಲ್ಲಿ ಎಳ್ಳು

ನಮ್ಮ ಸೀಮೆಯಲ್ಲಿ ಯಾರು ಎದುರಾದರೂ ‘ಊಟ ಆತೇನ್ರಿ?’ ಎಂದು ಕೇಳುವುದು ವಾಡಿಕೆ. ‘ಆತ್ರಿ’ ಎಂದರೆ ಮುಗಿಯಿತು, ಉಂಡಿರಲಿ ಬಿಡಲಿ. ನಮ್ಮ ಅತ್ತೆ ನಿಂಗಮ್ಮನವರು ಮಾತ್ರ ಅಷ್ಟಕ್ಕೇ ಬಿಡುವವರಲ್ಲ. ‘ಏನ್ ಉಂಡ್ರಿ?’ ಎನ್ನುವರು. ರೊಟ್ಟಿ ಎಂದರೆ ಜೋಳದ್ದೋ ಸಜ್ಜೆಯದೋ ಹೇಳಬೇಕು. ಪಲ್ಯ ಎಂದರೆ ಯಾವುದರದು, ಒಗ್ಗರಣೆಗೆ ಯಾವ ಎಣ್ಣೆ, ಹಿಂಡಿ, ಅಂದರೆ ಚಟ್ನಿಪುಡಿ, ನಂಚಿಕೊಂಡಿದ್ದರೆ ಅದು ಶೇಂಗಾದ್ದೋ ಗುರೆಳ್ಳಿನದೋ, ಎಲ್ಲ ಒಪ್ಪಿಸಬೇಕು. ಒಮ್ಮೆ ತಹಶೀಲು ಕಚೇರಿಯ ಮುನಶಿಯೊಬ್ಬರು ಏನೋ ಕೆಲಸಕ್ಕೆ ಮನೆಗೆ ಬಂದವರು ಇವರ ಪ್ರಶ್ನೆಗೆ ತಬ್ಬಿಬ್ಬಾಗಿ, ಬೆಳಿಗ್ಗೆ ಉಂಡದ್ದು ನೆನಪಿಲ್ಲ ಎಂದುಬಿಟ್ಟರು. ಅವರು ಹೊಸ್ತಿಲು ದಾಟಿದ ಮೇಲೆ ಅತ್ತೆ, ‘ಹೊಟ್ಯಾಗ ಏನ್ ಹೋತು ಅಂತ ಗೊತ್ತಿಲ್ಲದಾವ ಕಚೇರಿ ಹೆಂಗ ನಡಸ್ತಾನ?’ ಎಂದು ನಿಜವಾಗಿಯೂ ಚಿಂತೆ ಮಾಡಿದರು.

ಆ ಪ್ರಶ್ನೆಗೆ ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ಇವತ್ತು ಕೂತು ಇದನ್ನು ಬರೆಯಲು ನನಗೆ ಉಸಿರು ಉಳಿದಿದ್ದರೆ ಅದು ಆ ಪ್ರಶ್ನೆಯಿಂದ.

ಮಹಾಯುದ್ಧ ನಡೆದಿದ್ದ ದಿನಗಳಲ್ಲಿ ನಾನು ದೇವದುರ್ಗದಿಂದ ಮಾನ್ವಿಗೆ ಸೊಸೆಯಾಗಿ ಬಂದೆ. ನಮ್ಮ ಮನೆಯವರು ಅಲ್ಲಿ ಶಾಲೆಯ ಮಾಸ್ತರರು. ಮಾವ ಮೊದಲೇ ತೀರಿಕೊಂಡಿದ್ದರಿಂದ ಮನೆಯ ಯಜಮಾನಿಕೆ ಅತ್ತೆಯದು. ತವರಿನಲ್ಲಿದ್ದಾಗಲೂ ನನಗೆ ಆಗೊಮ್ಮೆ ಈಗೊಮ್ಮೆ ಬಾಯಿ ತುರಿಸಿ ಮೈಮೇಲೆ ಗಂಧೆ ಏಳುತ್ತಿತ್ತು. ಪಿತ್ತ ಎಂದು ಕಂಬಳಿ ಹೊದಿಸಿ ಮಲಗಿಸುತ್ತಿದ್ದರು, ಇಳಿಯುತ್ತಿತ್ತು. ಮಾನ್ವಿಗೆ ಬಂದ ಹೊಸತರಲ್ಲೇ ಅತ್ತೆ ನನಗೆಂದು ಎಣ್ಣೆಗಾಯಿ ಮಾಡಿದರು. ಎಳೆಯ ಬದನೆಕಾಯಿಗೆ ಹೂರಣ ತುಂಬಿ ಅವರು ಮಾಡುತ್ತಿದ್ದ ಎಣ್ಣೆಗಾಯಿಗೆ ಊರೆಲ್ಲ ಹೆಸರಿತ್ತು. ನಾಲ್ಕು ತುತ್ತು ಉಣ್ಣುವುದರಲ್ಲಿ ನನ್ನ ತುಟಿ ಊದಿ ಮುಖ ಗುರುತು ಸಿಗದಂತಾಯಿತು.

ಅತ್ತೆ ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, ‘ಬದ್ನಿಕಾಯಿ ನಂಜು. ಇನ್ನ ಈ ಮನಿಯಾಗ ಬದ್ನಿಕಾಯಿ ಇಲ್ಲ’ ಎಂದು ತೀರ್ಪು ಕೊಟ್ಟರು. ಹೆಂಡತಿಯಿಂದಾಗಿ ಎಣ್ಣೆಗಾಯಿ ಕಳೆದುಕೊಂಡ ನಮ್ಮ ಮನೆಯವರು ಸಂತೆಯಲ್ಲಿ ಬದನೆಕಾಯಿ ಕಂಡರೆ ಮುಖ ಆಚೆ ತಿರುಗಿಸಿಕೊಂಡು ಹೋಗುತ್ತಿದ್ದರು, ಪಾಪ. ಪಿತ್ತ ಇಳಿಯಲೆಂದು ಅತ್ತೆ ನನಗೆ ಒಳ್ಳೆಣ್ಣೆ ಕಾಯಿಸಿ ಮೈಗೆಲ್ಲ ತಿಕ್ಕಿ, ಒಂದು ಚಮಚೆ ಕುಡಿಸಿಯೂ ಕುಡಿಸಿದರು. ಗಂಧೆ ಇಳಿಯುವ ಬದಲು ಹೆಚ್ಚಿತು. ‘ನಂಜು ಹೊರಗ ಬರಾಕತ್ತ್ಯಾದ, ಬರಲಿ’ ಎಂದು ಮತ್ತಷ್ಟು ತಿಕ್ಕಿದರು. ನಮ್ಮ ಕಡೆ ಪಿತ್ತಕ್ಕೆ ಎಲ್ಲರೂ ಮಾಡುತ್ತಿದ್ದ ಮದ್ದು ಅದೇ.

ಹೀಗೆಯೇ ಎರಡು ಮೂರು ಸಲ ಆಯಿತು. ಅತ್ತೆಯ ನಾದಿನಿ ಗೌರಮ್ಮನವರು ಕಲ್ಲೂರಿನಲ್ಲಿದ್ದರು. ಹಬ್ಬಹುಣ್ಣಿಮೆಗೆಲ್ಲ ಬರುವವರು, ಬಂದಾಗಲೆಲ್ಲ ನನ್ನ ಮುಖವನ್ನು ಅಳೆದು ನೋಡುವವರು. ಆ ವರ್ಷದ ಸಂಕ್ರಾಂತಿಯ ದಿನವೂ ಬಂದಿದ್ದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಬೆಣ್ಣೆ ಸವರಿಕೊಂಡು ನಾನು ಉಂಡೆ. ಈ ಸಲ ಬರೀ ತುಟಿಗೆ ನಿಲ್ಲಲಿಲ್ಲ. ಗಂಟಲು ಬಿಗಿದು ಉಸಿರು ಸಿಳ್ಳೆಯಂತೆ ಕೂಗತೊಡಗಿತು. ಕಣ್ಣು ಕತ್ತಲೆಗಟ್ಟಿತು. ಕೊನೆಗೆ ಉಂಡದ್ದೆಲ್ಲ ವಾಂತಿಯಾಗಿ, ಬಹಳ ಹೊತ್ತಿನ ಮೇಲೆ ಉಸಿರು ಹಾದಿಗೆ ಬಂತು. ಅಲ್ಲಿಯವರೆಗೆ ಅತ್ತೆ ನನ್ನನ್ನು ಎದೆಗೆ ಆನಿಸಿಕೊಂಡು ಕೂತೇ ಇದ್ದರಂತೆ.

ಮಲಗಿದ್ದ ನನಗೆ ಗೌರಮ್ಮನವರ ಮಾತು ಕೇಳಿಸಿತು.

‘ಅತ್ತಿಗಿ, ಈ ಹುಡುಗಿಗೆ ಏನೋ ದೋಷ ಅದ. ನಮ್ಮ ಮನಿ ಅನ್ನ ಆಕಿಗೆ ಒಲ್ಲದು. ದೇವದುರ್ಗಕ್ಕ ಬಿಟ್ಟು ಬಂದ್ಬಿಡು. ಹುಡುಗನಿಗೇನ್, ಬ್ಯಾರೆ ಹೆಣ್ಣ ಸಿಗಂಗಿಲ್ಲೇನು?’

‘ಬೆಳಕ ಹರೀಲಿ’ ಎಂದು ಅತ್ತೆ ದೀಪ ಸಣ್ಣ ಮಾಡಿದರು. ಆ ಮಾತಿಗೆ ನಾನು ಗಂಟಲು ಬಿಗಿದಾಗಿನಕ್ಕಿಂತ ಹೆಚ್ಚು ಹೆದರಿದೆ.

ಮರುದಿನ ಬೆಳಿಗ್ಗೆ ಅತ್ತೆ, ‘ಎರಡ್ ಸೀರಿ ಗಂಟು ಕಟ್ಟಿಕೋ, ನಡಿ’ ಎಂದರು. ಎಲ್ಲಿಗೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ದೇವದುರ್ಗಕ್ಕೆ ಮೋಟಾರು ಹಿಡಿಯಬೇಕಾದರೆ ನಾವು ರಾಯಚೂರಿಗೇ ಹೋಗಬೇಕಿತ್ತು, ಹತ್ತಿದ್ದೂ ರಾಯಚೂರಿನ ಬಸ್ಸೇ. ಪೆಟ್ರೋಲು ಸಿಗದ ಕಾಲ, ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು, ಏರು ಬಂದಲ್ಲೆಲ್ಲ ಏದುಸಿರು ಬಿಡುತ್ತಿತ್ತು. ನಾನು ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಿದ್ದರೆ ಅತ್ತೆ ಪಕ್ಕದವಳನ್ನು ‘ಏನ್ ಉಂಡು ಬಂದೀಯವ್ವಾ?’ ಎಂದು ವಿಚಾರಿಸುತ್ತಿದ್ದರು! ಎಂಥ ಕಲ್ಲುಮನಸ್ಸಿನ ಹೆಂಗಸು ಎಂದುಕೊಂಡೆ. ರಾಯಚೂರಿನಲ್ಲಿ ಇಳಿದ ಮೇಲೆ ಅವರು ದೇವದುರ್ಗದ ಮೋಟಾರಿನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಗಂಟನ್ನು ತಾವೇ ಬಗಲಲ್ಲಿ ಇಟ್ಟುಕೊಂಡು, ದಾರಿ ಕೇಳುತ್ತ ಕೇಳುತ್ತ ಒಬ್ಬ ಡಾಕ್ಟರರ ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿಯ ಬೆಂಚಿನ ಮೇಲೆ ಕೂತಾಗ ನನ್ನ ಜೀವ ಎಷ್ಟು ಹಗುರಾಯಿತೆಂದರೆ, ರೋಗವೇ ಹೋದಂತಾಯಿತು.

ಡಾಕ್ಟರರು ನನ್ನ ನಾಡಿ ಹಿಡಿದು, ನಾಲಗೆ ನೋಡಿ, ಎದೆಗೆ ಕೊಳವೆ ಇಟ್ಟು ಕೇಳಿ, ಕೊನೆಗೆ ಅತ್ತೆಯ ಕಡೆ ತಿರುಗಿದರು.

‘ಅವ್ವಾ, ಹಿಂಗ ಆದಾಗೆಲ್ಲ ಏನ್ ಉಂಡಿದ್ಲು?’

ಅತ್ತೆಯ ಮುಖ ಅರಳಿದ್ದನ್ನು ನಾನು ಹೇಗೆ ವರ್ಣಿಸಲಿ! ಜನ್ಮದಲ್ಲಿ ಮೊದಲ ಸಲ ಅವರ ಪ್ರಶ್ನೆಯನ್ನು ಅವರಿಗೇ ಒಬ್ಬರು ಕೇಳಿದ್ದರು. ನಾನು ಮಾನ್ವಿಗೆ ಕಾಲಿಟ್ಟಂದಿನಿಂದ ಯಾವ ದಿನ ಏನು ಉಂಡೆ, ಯಾವುದು ಉಂಡಾಗ ಏನಾಯಿತು ಎಂದು ಒಂದೊಂದಾಗಿ ಹೇಳಿದರು. ‘ಬದ್ನಿಕಾಯಿ ನಂಜು ಆಗ್ಯಾದ್ರಿ’ ಎಂದು ಮುಗಿಸಿದರು.

‘ನಿನ್ನಿ ಬದ್ನಿಕಾಯಿ ಉಂಡಿದ್ಲೇನು?’

‘ಇಲ್ರೀ. ಮನಿಯಾಗ ತರೂದ ಬಿಟ್ಟೀವಿ.’

‘ಮತ್ತ? ಅವತ್ತೂ ಇತ್ತು, ನಿನ್ನೀನೂ ಇತ್ತು, ಅಂಥಾದ್ದು ಏನದ? ಆರಾಮ ಕುಂತು ಯೋಚನಿ ಮಾಡ್ರಿ. ನಮ್ಮ ಕೊಳವಿಗೆ ಅದು ಕೇಳಂಗಿಲ್ಲ, ನಿಮಗ ಗೊತ್ತದ.’

ಅತ್ತೆ ಕಣ್ಣು ಮುಚ್ಚಿದರು. ಬೆರಳ ತುದಿಗಳು ಒಂದಕ್ಕೊಂದು ಉಜ್ಜುತ್ತಿದ್ದವು, ಹೂರಣ ಕಲಸುವಾಗಿನ ಹಾಗೆ. ಆಮೇಲೆ ಮೆಲ್ಲಗೆ, ‘ಎಳ್ಳು’ ಎಂದರು. ಎಣ್ಣೆಗಾಯಿಯ ಹೂರಣದಲ್ಲಿ ಹುರಿದು ಕುಟ್ಟಿದ ಎಳ್ಳು, ಸಜ್ಜೆ ರೊಟ್ಟಿಯ ಮೇಲೆ ಎಳ್ಳು. ಮರುಕ್ಷಣವೇ ಅವರ ಮುಖ ಬಿಳುಚಿತು. ‘ಹಂಗಾರ ಒಳ್ಳೆಣ್ಣಿ? ಅದೂ ಎಳ್ಳಿಂದ ಅಲ್ರೀ? ಯಪ್ಪಾ, ನನ್ನ ಕೈಯಾರೆ ಕುಡಿಸೀನಲ್ರೀ!’ ಎಂದು ಹಣೆ ಬಡಿದುಕೊಂಡು, ಆ ದವಾಖಾನೆಯ ಜನರ ನಡುವೆಯೇ ಅತ್ತರು.

‘ನಿಮಗೇನ್ ಕನಸ ಬಿದ್ದಿತ್ತೇನ್ರವ್ವಾ?’ ಎಂದು ಡಾಕ್ಟರರು ಸಮಾಧಾನ ಮಾಡಿದರು. ಕೆಲವರ ಮೈ ಒಂದೊಂದು ತಿನಿಸನ್ನು ವೈರಿ ಎಂದು ತಿಳಿದು ಅದರ ಮೇಲೆ ಯುದ್ಧಕ್ಕೆ ನಿಲ್ಲುತ್ತದೆ, ಇದರಲ್ಲಿ ದೋಷವೂ ಇಲ್ಲ ದೆವ್ವವೂ ಇಲ್ಲ ಎಂದು ತಿಳಿಸಿ ಹೇಳಿದರು. ‘ಉಸಿರು ಕಟ್ಟಿದಾಗ ಕೊಡೂ ಸೂಜಿಮದ್ದು ಇಲ್ಲಿ ಅದ. ನೀವು ಮಾನ್ವಿಯಿಂದ ಬರೂತನಕ ಜೀವ ಕಾಯ್ತದೋ ಇಲ್ಲೋ. ಅದಕ್ಕ ನಿಮಗಿರೂದು ಒಂದ ಮದ್ದು. ಎಳ್ಳು ಬಾಯಿಗೆ ಹೋಗಬಾರದು. ನೋಡೋಣ ಅಂತ ಒಂದ್ ಕಾಳೂ ಕೊಡಬ್ಯಾಡ್ರಿ, ಬಿಲ್ಕುಲ್ ಬ್ಯಾಡ.’

ಮನೆಗೆ ಬಂದ ಅತ್ತೆ ಅಡುಗೆಮನೆಯನ್ನೇ ತಿರುವಿಹಾಕಿದರು. ಎಳ್ಳು ಕುಟ್ಟುತ್ತಿದ್ದ ಒರಳು ಅವರ ತವರಿನಿಂದ ಬಂದದ್ದು. ಅದನ್ನು ಹಿತ್ತಲಿಗೆ ಉರುಳಿಸಿ ದನಕ್ಕೆ ನೀರಿಡುವ ಕಲ್ಲು ಮಾಡಿದರು. ಹಿಂಡಿಯ ಡಬ್ಬಿಗಳು ಬೂದಿಯಿಂದ ತಿಕ್ಕಿಸಿಕೊಂಡವು. ಗಾಣಿಗರ ಮನೆಯ ಬಾಗಿಲಲ್ಲಿ ನಿಂತು, ‘ಕುಸುಬಿ ಹಾಕೂ ಮದ್ಲ ಗಾಣದಾಗ ಏನ್ ಹಾಕಿದ್ದಿ, ಖರೇ ಹೇಳು’ ಎಂದು ಜಬರಿಸುವರು. ಮದುವೆ ಮನೆಗಳಲ್ಲಿ ನೇರವಾಗಿ ಒಲೆಯ ಹತ್ತಿರ ಹೋಗಿ ಕಡಾಯಿಯಲ್ಲಿ ಇಣುಕುವರು. ನನಗೆ ನಾಚಿಕೆಯಿಂದ ನೆಲಕ್ಕಿಳಿದಂತಾಗುತ್ತಿತ್ತು. ಬದನೆಕಾಯಿ ಮಾತ್ರ ಸಕಲ ಮರ್ಯಾದೆಯೊಂದಿಗೆ ಮನೆಗೆ ಮರಳಿತು, ಹೂರಣದಲ್ಲಿ ಬರೀ ಶೇಂಗಾ. ನಮ್ಮ ಮನೆಯವರು ಉಂಡು ಕಣ್ಣೊರೆಸಿಕೊಂಡದ್ದು ಖಾರಕ್ಕೋ ಸಂತೋಷಕ್ಕೋ ನನಗೆ ಗೊತ್ತಾಗಲಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಸಂಕ್ರಾಂತಿ. ಆ ದಿನ ಮನೆಮನೆಯವರು ಬಂದು ಕೈಯಲ್ಲಿ ಎಳ್ಳುಬೆಲ್ಲ ಇಡುತ್ತಾರೆ. ಬೇಡ ಎಂದರೆ ಅವರ ಸ್ನೇಹವೇ ಬೇಡ ಎಂದಂತೆ. ಮುಂದಿನ ಸಂಕ್ರಾಂತಿಗೆ ಅತ್ತೆ ನನ್ನನ್ನು ಹಿಂದೆ ನಿಲ್ಲಿಸಿ, ತಾವು ಹೊಸ್ತಿಲಲ್ಲಿ ಸೆರಗು ಒಡ್ಡಿ ನಿಂತರು. ‘ನನ್ನ ಸೊಸಿದೂ ಇದರಾಗ ಹಾಕ್ರಿ. ನಿಮ್ಮ ಪ್ರೀತಿ ಆಕಿಗೆ ನಾ ಮುಟ್ಟಸ್ತೀನಿ.’ ಕೆಲವರು ನಕ್ಕರು, ಕೆಲವರು ಮುಖ ಗಂಟಿಕ್ಕಿದರು. ಗೌರಮ್ಮನವರು, ‘ನಾಕ್ ಕಾಳಿನ್ಯಾಗ ಏನಾಗ್ತದ?’ ಎಂದು ನನ್ನ ಕಡೆ ಕೈ ಚಾಚಿದಾಗ ಅತ್ತೆ ಆ ಕೈಯನ್ನು ಗಟ್ಟಿಯಾಗಿ ಹಿಡಿದುಬಿಟ್ಟರು. ‘ಗೌರಮ್ಮ, ಇಟ್ಟೀ ಅಂದ್ರ ನೀನೂ ನಾನೂ ಇವತ್ತಿಗೆ ಮುಗೀತು.’ ಗೌರಮ್ಮನವರು ಸಿಟ್ಟಾಗಿ ಉಣ್ಣದೇ ಕಲ್ಲೂರಿಗೆ ಹೊರಟುಹೋದರು. ಆಮೇಲೆ ಪ್ರತಿ ವರ್ಷವೂ ಅತ್ತೆ ಹಾಗೆಯೇ ನಿಂತರು. ಊರಿನ ಪ್ರೀತಿಯನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಗೋದಲಿಯಲ್ಲಿ ಆಕಳಿಗೆ ತಿನ್ನಿಸಿ, ಸೀರೆ ಬದಲಿಸಿ, ಕೈ ತೊಳೆದುಕೊಂಡು ಬಂದು ನನ್ನ ತಲೆ ಸವರುತ್ತಿದ್ದರು. ಹೆತ್ತ ತಾಯಿಗೂ ನಾನು ಇಷ್ಟು ಋಣಿಯಲ್ಲ ಎಂದು ಆಗ ಅನಿಸುತ್ತಿತ್ತು, ಈಗಲೂ ಅನಿಸುತ್ತದೆ.

ನಿಜಾಮರ ಆಳಿಕೆ ಮುಗಿದ ಆ ದಿನಗಳಲ್ಲೇ, ದಸರೆಯ ಹೊತ್ತಿಗೆ, ಅತ್ತೆ ಜ್ವರದಲ್ಲಿ ತೀರಿಕೊಂಡರು. ಕೊನೆಯ ದಿನವೂ ನನ್ನನ್ನು ‘ಏನ್ ಉಂಡಿ?’ ಎಂದು ಕೇಳಿದ್ದರು. ಅಳುತ್ತಿದ್ದ ನಾನು ಉತ್ತರ ಕೊಡಲಿಲ್ಲ.

ಆ ಸಲ ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಹಬ್ಬವಿರಲಿಲ್ಲ. ಆದರೂ ಬರುವವರು ಬಂದೇ ಬರುತ್ತಾರೆ. ಹೊಸ್ತಿಲಲ್ಲಿ ಸೆರಗು ಒಡ್ಡುವವರಿಲ್ಲದೆ ಹೇಗೆ ನಿಲ್ಲಲಿ ಎಂದು ನಾನು ಒಳಗೇ ಕೂತಿದ್ದೆ. ಹಿತ್ತಲಲ್ಲಿ ನೀರಿನ ಸಪ್ಪಳವಾಯಿತು. ಹೋಗಿ ನೋಡಿದರೆ ಗೌರಮ್ಮನವರು. ಕಲ್ಲೂರಿನಿಂದ ಬಂದವರು ಮುಂಬಾಗಿಲಿಗೆ ಬರದೆ ಹಿತ್ತಲಿಗೇ ಹೋಗಿ, ಮೊಣಕೈತನಕ ಕೈ ತೊಳೆಯುತ್ತಿದ್ದರು.

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಸೊಂಟದ ಬಟ್ಟೆಯ ಗಂಟು ಬಿಚ್ಚಿ ನನ್ನ ಕೈಯಲ್ಲಿ ಇಟ್ಟರು. ಬರೀ ಬೆಲ್ಲ.

‘ಜ್ವರದಾಗ ಮಲಗಿದ್ದಾಗ ನಾ ನೋಡಾಕ ಬಂದಿದ್ನಲ್ಲ, ಆಗ ನಿಮ್ಮತ್ತಿ ನನ್ನ ಕೈ ಹಿಡದು ಆಣಿ ಮಾಡಿಸಿಕೊಂಡಾಳ. ಇನ್ನ ನನ್ನ ಸೆರಗು ಇರಂಗಿಲ್ಲ, ಗೌರಮ್ಮ, ನೀ ಬೆಲ್ಲಾ ಅಷ್ಟ ಒಯ್ದು ಕೊಡು ಅಂದ್ಲು. ಹೊಸಾ ಬೆಲ್ಲ ಅದ, ಅದನ್ನ ಒಡದ ಕಲ್ಲೂ ತೊಳದೀನಿ.’

ನಾನು ಬೆಲ್ಲ ಹಿಡಿದುಕೊಂಡು ನಿಂತೆ. ಅವರು ನನ್ನ ಮುಖವನ್ನೇ ನೋಡಿ, ಸ್ವಲ್ಪ ತಡವರಿಸಿ, ‘ಏನ್ ಉಂಡಿ?’ ಎಂದು ಕೇಳಿದರು.

ರೊಟ್ಟಿ ಎಂದೆ. ಜೋಳದ್ದು ಎಂದೆ. ಪುಂಡಿಪಲ್ಯ, ಜೊತೆಗೆ ಶೇಂಗಾ ಹಿಂಡಿ. ಒಗ್ಗರಣೆಗೆ ಹಾಕಿದ ಎಣ್ಣೆ ಯಾವುದೆಂದು, ಅವರು ಕೇಳುವ ಮೊದಲೇ, ಅಳುತ್ತ ಅಳುತ್ತ ಹೇಳಿದೆ.