ಕೈನೋವಿನ ಹೆಸರಿನಲ್ಲಿ

ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡೇ ಅವರು ಪಡಸಾಲೆಗೆ ಬರುತ್ತಿದ್ದರು. ಯಾರದೋ ಕೂಸನ್ನು ತುಸು ಹೊತ್ತು ನೋಡಿಕೊಳ್ಳಲು ಒಪ್ಪಿಕೊಂಡವರಂತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರಿಂದ ಮೊಣಕೈಯಿಂದ ಬೆರಳುಗಳವರೆಗೆ ಬಾವು ನಿಂತುಬಿಟ್ಟಿತ್ತು.

ಅವರು ನನ್ನ ಕಾಲೇಜಿನ ಮೇಡಂ. ಚರ್ಚಾಸ್ಪರ್ಧೆಗೆ ನಮ್ಮನ್ನು ಸಿದ್ಧಗೊಳಿಸುತ್ತಿದ್ದವರು. ಸಿರುಗುಪ್ಪದ ಅಕ್ಕಿ ಗಿರಣಿಯ ಸದ್ದಿನ ಪಕ್ಕದಲ್ಲಿ ಬೆಳೆದದ್ದರಿಂದಲೇ ತಮ್ಮ ದನಿ ದೊಡ್ಡದು ಎಂದು ನಗುತ್ತಿದ್ದರು. ಎದುರಾಳಿಯ ವಾದವನ್ನು ಎದುರಾಳಿಗಿಂತ ಚೆನ್ನಾಗಿ ಮಂಡಿಸಿ ತೋರಿಸಿದ ಮೇಲಷ್ಟೇ ನಮ್ಮ ಉತ್ತರಕ್ಕೆ ಅನುಮತಿ. ನಾನು ಆವೇಶದಿಂದ ಕೂಗಿದರೆ, "ಲೇ, ನೀ ಮಾತಾಡಾಕ ಬಂದಿಯೋ, ಮೈಕಿನ ಮ್ಯಾಲೆ ಸಿಟ್ಟು ತೀರಿಸ್ಕೊಳ್ಳಾಕ ಬಂದಿಯೋ?" ಎಂದು ಕೇಳಿ, ಆಮೇಲೆ ಮಂಡಕ್ಕಿ, ಮಿರ್ಚಿ ಕೊಡಿಸುತ್ತಿದ್ದರು. ಯಾವ ಸಂಗತಿಯನ್ನೂ ಅದರ ಹೆಸರಿನಿಂದಲೇ ಕರೆಯಬೇಕು ಎಂಬುದು ಅವರ ಕಟ್ಟುನಿಟ್ಟು.

ಚಿಕಿತ್ಸೆ ಮುಗಿದಾಗ ಬಳ್ಳಾರಿಯ ಸತ್ಯನಾರಾಯಣಪೇಟೆಯ ಅವರ ಮನೆಗೆ ಅಭಿನಂದಿಸುವವರ ಸಾಲೇ ಬಂತು. "ಗೆದ್ದು ಬಂದ್ರಿ ಮೇಡಂ!" ಎಂದವರಿಗೆಲ್ಲ ಅವರು ತಲೆಯಾಡಿಸುತ್ತಿದ್ದರು. ಜನ ಎದ್ದುಹೋದೊಡನೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಊಟ ಸೇರುತ್ತಿರಲಿಲ್ಲ, ಪುಸ್ತಕ ತೆರೆಯುತ್ತಿರಲಿಲ್ಲ. ಸ್ನಾನದ ಕೋಣೆಯ ಕನ್ನಡಿಗೆ ಟವೆಲ್ ಹೊದಿಸಿದ್ದರು.

ಅವರ ಅತ್ತೆ ಕೆಟ್ಟವರಲ್ಲ. ಕಿಮೊ ತೆಗೆದುಕೊಂಡ ದಿನಗಳಲ್ಲಿ ಸೊಸೆಯ ವಾಂತಿಯನ್ನು ಬೊಗಸೆಯಲ್ಲಿ ಹಿಡಿದ ಹೆಂಗಸು. ಸೊಸೆ ಉಳಿದು ಬಂದಳೆಂಬ ಸಂತೋಷಕ್ಕೆ ಕುರುಗೋಡಿನ ನೆಂಟರನ್ನೆಲ್ಲ ಕರೆಸಿ ಆಕೆಗೆ ಉಡಿ ತುಂಬಿಸಿದರು. ಮುತ್ತೈದೆಯ ಕೈ ಬರಿದಾಗಿರಬಾರದೆಂದು ಬಾವಿದ್ದ ಕೈಗೂ ಸೋಪಿನ ನೊರೆ ಹಚ್ಚಿ ಹಸಿರು ಬಳೆ ಏರಿಸಿದರು. ಬಿಗಿಯಾದದ್ದೇನನ್ನೂ ಆ ಕೈಗೆ ತೊಡಬಾರದೆಂದು ವೈದ್ಯರು ಹೇಳಿದ್ದು ಮೇಡಂಗೆ ತಿಳಿದಿತ್ತು. ಅವರು ಕೈ ಚಾಚಿ ಸುಮ್ಮನೆ ಕುಳಿತಿದ್ದರಂತೆ.

ಎರಡು ದಿನದ ಮೇಲೆ ನಾನು ಹೋದಾಗ ಬಳೆಗಳು ಮಾಂಸದಲ್ಲಿ ಹೂತುಹೋಗಿದ್ದವು. ಕೈ ಕೆಂಪಗೆ ಕಾದಿತ್ತು, ಮೈಯಲ್ಲಿ ಜ್ವರ.

"ಅಜ್ಜಿ, ಇವನ್ನ ಈಗಿಂದೀಗಲೇ ಒಡೀಬೇಕು," ಎಂದೆ.

"ಒಡಿ ಅನಬ್ಯಾಡ ತಂಗಿ! ಗಂಡ ಕಣ್ಮುಂದ ಅದಾನ. ಬಳಿ ಒಡ್ಯಾದು ಯಾವಾಗಂತ ಗೊತ್ತಿಲ್ಲೇನು ನಿನಗ? ಎಣ್ಣಿ ಹಚ್ಚೀನಿ, ತಾವ ಜಾರ್ತಾವ."

ನಾನು ಮೂಢನಂಬಿಕೆಯ ಬಗ್ಗೆ, ಹೆಣ್ಣಿನ ದೇಹದ ಮೇಲೆ ಹೆಣ್ಣಿನದೇ ಹಕ್ಕಿನ ಬಗ್ಗೆ ಮಾತು ಆರಂಭಿಸಿದೆ. ಮೇಡಂ ಕಣ್ಣು ತೆರೆಯದೆಯೇ ತಡೆದರು: "ಸಾಕು ಬಿಡ ಲೇ. ವಾದ ನೀನ ಗೆಲ್ತಿ. ಆಮ್ಯಾಕ ಈ ಮನ್ಯಾಗ ಇರಾಕಿ ನಾನು."

ಸಂಜೆ ಜ್ವರ ಏರಿತು. ಪತಿ ಆಟೊ ತಂದರು. ಆಸ್ಪತ್ರೆಯಲ್ಲಿ ನರ್ಸ್ ಬಳೆಗಳನ್ನು ಒಂದೊಂದಾಗಿ ಕತ್ತರಿಸುವಾಗ ಅತ್ತೆ ಹೊರಗೆ ನಿಂತು ಅಳುತ್ತಿದ್ದರು. ಒಳಗೆ ವೈದ್ಯರು ಸಹಜವಾಗಿ, "ನಿದ್ದಿ ಬರ್ತೈತೇನ್ರಿ?" ಎಂದು ಕೇಳಿದರು. ಇಷ್ಟು ತಿಂಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮೇಡಂ ಬಿಕ್ಕಿ ಬಿಕ್ಕಿ ಅತ್ತರು. ಇದು ಖಿನ್ನತೆ, ಇದಕ್ಕೂ ಔಷಧವಿದೆ ಎಂದು ಹೇಳಿ ಆ ವೈದ್ಯರು ಮನೋವೈದ್ಯರ ಬಳಿಗೆ ಕಳಿಸಿದರು.

ಮೇಡಂ ನನ್ನಿಂದ ಒಂದು ಮಾತು ತೆಗೆದುಕೊಂಡರು. "ಮನ್ಯಾಗ ಕೈ ವ್ಯಾಯಾಮಕ್ಕ ಹೊಂಟೀವಿ ಅಂತ ಹೇಳು. ಮಗಳಿಗೆ ಗಂಡು ನೋಡಾಕ ಹತ್ಯಾರ. ಕ್ಯಾನ್ಸರ್ ಅಂದ್ರ ಒಂದೀಟು ಅಯ್ಯೋ ಅಂತಾರ. ತಾಯಿ ತಲಿ ಕೆಟ್ಟೈತಿ ಅಂದ್ರ ಬಾಗಿಲಾಗಿಂದನ ಹೊಳ್ಳಿ ಹೋಗ್ತಾರ. ಆಕಿ ಮದುವಿ ಆಗೋಮಟ ನಿನ್ನ ಬಾಯಿ ಬಂದ್."

ಹೀಗೆ, ಹೆಸರಿನ ವಿಷಯದಲ್ಲಿ ಅಷ್ಟು ನಿಷ್ಠುರರಾಗಿದ್ದವರು ತಮ್ಮ ಮನಸ್ಸನ್ನು ಕೈಯ ಹೆಸರಿನಲ್ಲಿ ವೈದ್ಯರ ಬಳಿಗೆ ಒಯ್ಯತೊಡಗಿದರು. ಮಾತ್ರೆಗಳನ್ನು ಕ್ಯಾಲ್ಸಿಯಂ ಡಬ್ಬಿಯಲ್ಲಿ ಇಟ್ಟುಕೊಂಡರು. ಜೊತೆಗೆ ಹೋಗುತ್ತಿದ್ದ ನನ್ನೊಡನೆ ಆಟೊದಲ್ಲಿ ಮಾತ್ರ ಮಾತಾಡುತ್ತಿದ್ದರು. "ಗೆದ್ದಾಕಿ ಅಳಬಾರದು ನೋಡು. ರೋಗ ಇದ್ದಾಗಾದ್ರೂ ಅಳಾಕ ಬಿಡ್ತಿದ್ರು. ಈಗ ಎಲ್ಲರೂ ಖುಷಿ ಅದಾರ, ನಾ ಎಲ್ಲಿ ಹೋಗಿ ಅಳ್ಲಿ?" ಒಮ್ಮೆ, ಚಾಲಕ ಹಾಕಿದ ತೆಲುಗು ಹಾಡು ಕೇಳುತ್ತ, "ಇವತ್ತು ಇದು ಗದ್ದಲ ಅನಿಸಲಿಲ್ಲ," ಎಂದರು. ಅದೇ ನಾನು ಕಂಡ ಸುಧಾರಣೆ. ಮನೆ ಸೇರುತ್ತಲೇ ಅತ್ತೆ, "ಕೈ ಹೆಂಗೈತವಾ?" ಎನ್ನುತ್ತಿದ್ದರು. "ಹಗುರಾಗೈತ್ರಿ," ಎಂದು ಒಳಗೆ ಹೋಗುತ್ತಿದ್ದರು.

ರೋಗ ಮರಳಿ ಬಂದು ಮೂಳೆಗೆ ಹಬ್ಬಿತು. ಈ ಸಲ ಯಾರೂ ಅಭಿನಂದಿಸಲು ಬರಲಿಲ್ಲ. ಅವರು ತೀರಿಕೊಂಡ ಮೇಲೆ ಕಾಲೇಜಿನ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ, ನಗುನಗುತ್ತಲೇ ಕ್ಯಾನ್ಸರನ್ನು ಎದುರಿಸಿದ ಧೀರೆ ಎಂದರು. ನನ್ನ ಸರದಿ ಬಂದಾಗ ಮುಂದಿನ ಸಾಲಿನಲ್ಲಿ ಅವರ ಮಗಳು ಕುಳಿತಿದ್ದಳು, ಇನ್ನೂ ಮದುವೆಯಾಗದವಳು. ಮಿರ್ಚಿಯ ಕತೆ ಹೇಳಿ ಕೆಳಗಿಳಿದೆ.

ಈ ವರ್ಷ ಅವಳ ಮದುವೆಯಾಯಿತು. ಮೇಡಂ ಬಗ್ಗೆ ಇನ್ನು ಬರೆಯಬಹುದೇ ಎಂದು ಕೇಳಲು ಅವಳ ಗಂಡನ ಮನೆಗೆ ಹೋದೆ.

"ಬರೀರಿ ಅಕ್ಕಾ. ಅವ್ವ ಎಲ್ಲಿಗೆ ಹೋಗ್ತಿದ್ಲು ಅಂತ ನನಗ ಗೊತ್ತಿತ್ತು. ನಾನೂ ಕೈ ಹೆಂಗೈತಿ ಅಂತನ ಕೇಳ್ತಿದ್ದೆ." ಅಡುಗೆಮನೆಯ ಕಡೆ ತಿರುಗಿ ನೋಡಿ ದನಿ ಇಳಿಸಿದಳು. "ಆದ್ರ ಅವ್ವನ ಹೆಸರು ಹಾಕಬ್ಯಾಡ್ರಿ. ಈ ಮನ್ಯಾಗ ಎಲ್ಲಾರೂ ಪೇಪರ್ ಓದ್ತಾರ."

ಅದಕ್ಕೇ ಹಾಕಿಲ್ಲ.